ತೂತಿಗೆ ಒತ್ತಿದ ಹೆಬ್ಬೆರಳು

ಸುಮಾ, ಗಿರೀಶ, ಕೆರೆಬಿಳಚಿ ದಾಟಿದ ಮೇಲೆ ನಿಮ್ಮ ತಾತನ ಮೋಟಾರ್ ಸೈಕಲ್ಲಿನ ಟ್ಯಾಂಕ್ ತೂತಾಗಿ ಪೆಟ್ರೋಲ್ ಸೋರತೊಡಗಿತು. ನಿಮ್ಮಪ್ಪ ಇನ್ನೂ ಹುಟ್ಟಿರದ ಕಾಲ. ಜಗಳೂರಿನಲ್ಲಿ ಹಾಸಿಗೆ ಹಿಡಿದಿದ್ದ ನನ್ನ ಅವ್ವ, ಬೇಗ ಬಾ ಎಂದು ಹೇಳಿ ಕಳಿಸಿದ್ದಳು. ಹತ್ತಿರದಲ್ಲಿ ಎಲ್ಲೂ ಪೆಟ್ರೋಲ್ ಸಿಗುತ್ತಿರಲಿಲ್ಲ.

ತಾತ ನನ್ನ ಕೈ ಹಿಡಿದೆಳೆದು ಹೆಬ್ಬೆರಳನ್ನು ತೂತಿಗೆ ಒತ್ತಿಸಿದರು. "ತೆಗೀಬ್ಯಾಡ. ನಿಮ್ಮವ್ವನ್ನ ನೋಡ್ಬೇಕೋ ಬ್ಯಾಡೋ?"

ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ಜನರೆದುರು ಅವರು ನನ್ನ ಕೈ ಮುಟ್ಟಿದವರಲ್ಲ. ಪಕ್ಕದ ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ನಕ್ಕಳು.

"ನಡುಹಾದೀಲಿ ಹೆಂಡ್ತಿ ಕೈ ಹಿಡಿಯಾಕೆ ನಾಚ್ಕೆ ಆಗಂಗಿಲ್ಲೇನ್ರೀ?"

"ನಾಚ್ಕೆ ಆಮ್ಯಾಲೆ, ಮೊದ್ಲು ಒಂದು ಚೂರು ಸಾಬೂನು ಕೊಡವ್ವ," ಎಂದರು ತಾತ.

ನಾನು ಬೆರಳು ತೆಗೆದೊಡನೆ ಅವರು ಸಾಬೂನನ್ನು ತೂತಿಗೆ ಮೆತ್ತಿದರು. ಸೋರುವುದು ನಿಂತಿತು. ಸಂಜೆಯೊಳಗೆ ಜಗಳೂರು ಸೇರಿದೆವು. ಅವ್ವ ನನ್ನ ಕೈಯನ್ನು ಮೂಗಿನ ಬಳಿ ಹಿಡಿದು, "ಇದೇನೇ ವಾಸ್ನೆ?" ಎಂದು ನಕ್ಕಳು. ಅವಳು ನಕ್ಕಿದ್ದು ಅದೇ ಕೊನೆ.

ತಾತ ಹೋದ ಮೇಲೆ ನನ್ನ ಕೈಯನ್ನು ಹಾಗೆ ಯಾರೂ ಹಿಡಿದೆಳೆದಿಲ್ಲ. ಪೆಟ್ರೋಲ್ ವಾಸನೆ ಬಂದರೆ ಹೆಬ್ಬೆರಳು ಈಗಲೂ ತಾನಾಗಿ ಒತ್ತಿಕೊಳ್ಳುತ್ತದೆ. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಈ ಹಾಳೆಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ.