ಅಪ್ಪನ ಎಡೆಗೆ ಕೆನಡಾ ವಿಸ್ಕಿ

ಬಾಟಲಿ ಒಡೆಯುವುದೆಂದರೆ ನನಗೆ ಇಷ್ಟ. ಅಬಕಾರಿ ಇಲಾಖೆಯಲ್ಲಿ ಉಪನಿರೀಕ್ಷಕಿಯಾಗಿರುವುದರಿಂದ ಆ ಇಷ್ಟಕ್ಕೆ ಸರ್ಕಾರಿ ಮೊಹರೂ ಇದೆ. ಕೋರ್ಟಿನ ಆದೇಶ ಬಂದ ಮೇಲೆ ನವನಗರದ ಆಚೆಯ ಬಯಲಿನಲ್ಲಿ ಜಪ್ತಿ ಮಾಲನ್ನು ಸಾಲಾಗಿ ಹಾಸುತ್ತೇವೆ. ಪಂಚರು ಸಹಿ ಹಾಕುತ್ತಾರೆ, ರೋಡ್ ರೋಲರ್ ಬಂದು ಅದರ ಮೇಲೆ ಹಾಯುತ್ತದೆ. ಉಳಿದವರು ಕಿವಿ ಮುಚ್ಚಿಕೊಂಡರೆ ನಾನು ಇನ್ನೂ ಹತ್ತಿರ ಹೋಗಿ ನಿಲ್ಲುತ್ತೇನೆ. ಒಮ್ಮೆ ಹುನಗುಂದದ ಕಡೆ ವಿದೇಶಿ ಬಾಟಲಿಗೆ ಕಳಪೆ ಸರಕು ತುಂಬಿ ಮಾರುತ್ತಿದ್ದವನ ಕೆನ್ನೆಗೆ ಬಾರಿಸಿಬಿಟ್ಟೆ. ಮೇಲಿನವರು ಬೈದರು, ತಪ್ಪು ನನ್ನದೇ. ಆದರೆ ಬೈಗುಳಕ್ಕಿಂತ ಹೆಚ್ಚು ಕಾಡಿದ್ದು ಬೇರೆ. ಹೊಡೆದ ಮೇಲೆ ಅಂಗೈ ಹಿತವಾಗಿ ಬೆಚ್ಚಗಾಗಿತ್ತು. ಇದು ಅಪ್ಪನ ಕೈ ಅನ್ನಿಸಿ ಹೆದರಿದೆ.

ಅಪ್ಪ ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದ. ಅವನು ನೇಯ್ದ ಸೆರಗನ್ನು ನೋಡಲು ಬೇರೆ ಓಣಿಯವರೂ ಬರುತ್ತಿದ್ದರು. ಕುಡಿದಾಗ ಮಗ್ಗದ ಲಾಳಿಯನ್ನೇ ಎತ್ತಿಕೊಳ್ಳುತ್ತಿದ್ದ. ಲಾಳಿ ಎಂದರೆ ನೂಲು ಹೊತ್ತು ಅತ್ತಿಂದಿತ್ತ ಓಡುವ ಗೇಣುದ್ದದ ಗಟ್ಟಿ ಮರ, ಎರಡೂ ತುದಿಗೆ ಕಬ್ಬಿಣದ ಮೂತಿ. ನಾನು ಆರನೇ ಇಯತ್ತೆಯಲ್ಲಿದ್ದಾಗ ಆ ಮೂತಿ ಅವ್ವನ ಎಡಗಿವಿಗೆ ಬಿತ್ತು. ರಕ್ತ ಕುತ್ತಿಗೆಗಿಳಿದು ಕುಪ್ಪಸ ತೊಯ್ದಿತು. ದವಾಖಾನೆಯಲ್ಲಿ ಡಾಕ್ಟರು ಏನಾಯಿತೆಂದು ಕೇಳಿದಾಗ ಅಪ್ಪನ ಕೈ ನನ್ನ ಹೆಗಲ ಮೇಲಿತ್ತು.

“ಮಗ್ಗದ ಕುಣ್ಯಾಗ ಬಿದ್ದಾಳ್ರಿ,” ಎಂದೆ.

ನೇಕಾರ ಕಾಲು ಇಳಿಬಿಟ್ಟು ಕೂರುವ ಕುಣಿ ಅದು. ಡಾಕ್ಟರು ಹಾಗೆಯೇ ಬರೆದುಕೊಂಡರು. ಆ ಕಿವಿ ಮತ್ತೆ ಕೇಳಲಿಲ್ಲ. ಮುಂದೆ ಮೊಣಕೈ ಮುರಿದಾಗಲೂ, ಹುಬ್ಬು ಸೀಳಿದಾಗಲೂ ಅವ್ವ ಅದೇ ಕುಣಿಯಲ್ಲಿ ಬಿದ್ದಳು. ಅಷ್ಟು ಸಲ ಬಿದ್ದವಳನ್ನು ಯಾರೂ ಮತ್ತೊಂದು ಮಾತು ಕೇಳಲಿಲ್ಲ.

ಅಪ್ಪ ಸತ್ತ ಮೇಲೆ ಅಣ್ಣ ಮಗ್ಗ ತೆಗೆಸಿ ಅಲ್ಲೇ ಸೀರೆ ಅಂಗಡಿ ಹಾಕಿದ. ಅಪ್ಪನ ಫೋಟೊ ದೊಡ್ಡದು ಮಾಡಿಸಿ ನಡುಮನೆಯ ಗೋಡೆಗೆ ಹಾಕಿ, ಕೆಳಗೆ ಚಿನ್ನದ ಬಣ್ಣದಲ್ಲಿ ‘ಶಾಂತಮೂರ್ತಿ’ ಎಂದು ಬರೆಸಿದ. ಅಣ್ಣ ಕೆಟ್ಟವನಲ್ಲ. ಅವನು ಸೋದರಮಾವನ ಮನೆಯಲ್ಲಿದ್ದು ಓದಿದವನು, ರಜೆಗೆ ಬಂದಾಗ ಕಂಡಷ್ಟೇ ಅಪ್ಪ ಅವನಿಗೆ ಗೊತ್ತು. ಆದರೂ ಆ ಅಕ್ಷರ ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಹೋದ ಸಲದ ಮಹಾಲಯ ಅಮಾವಾಸ್ಯೆಗೆ ಮುಂಜಾನೆಯೇ ಇಳಕಲ್ಲಿಗೆ ಹೋದೆ. ಬಾದಾಮಿಯ ಗುಹೆ ನೋಡಲು ಕೆನಡಾದಿಂದ ಬಂದಿದ್ದ ದಂಪತಿ ಅಣ್ಣನ ಅಂಗಡಿಯಲ್ಲಿ ಸೀರೆ ಕೊಂಡು, ಖುಷಿಯಾಗಿ ಒಂದು ವಿಸ್ಕಿ ಬಾಟಲಿ ಕೊಟ್ಟು ಹೋಗಿದ್ದರು. ಅಣ್ಣ ಅದನ್ನು ಕುಡಿಯದೆ ಅಪ್ಪನ ಎಡೆಗೆಂದೇ ತೆಗೆದಿಟ್ಟಿದ್ದ. ಸತ್ತವರಿಗೆ ಬದುಕಿದ್ದಾಗ ಇಷ್ಟವಾದದ್ದನ್ನೆಲ್ಲ ಇಡುವುದು ನಮ್ಮ ಮನೆಯ ಪದ್ಧತಿ.

“ನೋಡಬೇ ತಂಗಿ, ಅಸಲಿ ಹೌದೋ ಅಲ್ಲೋ. ಅಪ್ಪಗ ನಕಲಿ ಇಟ್ಟಂಗ ಆಗಬಾರ್ದು.”

ಅಲ್ಲೇ ಬೇಡವೆನ್ನಬೇಕಿತ್ತು. ಆದರೆ ನನ್ನ ವಿದ್ಯೆ ತೋರಿಸುವ ಚಟ ನನಗೆ. ಬಾಟಲಿಯನ್ನು ಬೆಳಕಿಗೆ ಹಿಡಿದು ಪಾಠ ಶುರು ಮಾಡಿದೆ. ಅಸಲಿಯೇ. ಸಣ್ಣ ಭಟ್ಟಿಯ ಮಾಲು, ಹಲವು ಪೀಪಾಯಿಯದನ್ನು ಬೆರೆಸಿದ್ದು. ಅಲ್ಲಿನ ಕಾನೂನಿನಂತೆ ಲೇಬಲ್ಲು ಎರಡು ಭಾಷೆಯಲ್ಲಿದೆ. ಆ ದೇಶದಲ್ಲೇ ಭಟ್ಟಿ ಇಳಿಸಿ ಮೂರು ವರ್ಷವಾದರೂ ಮರದ ಪೀಪಾಯಿಯಲ್ಲಿ ಇಡದೆ ಕೆನಡಾ ವಿಸ್ಕಿ ಎನ್ನುವ ಹಾಗಿಲ್ಲ. ಬಣ್ಣಕ್ಕೆ ಸುಟ್ಟ ಸಕ್ಕರೆ ಹಾಕಬಹುದು. ಇಷ್ಟು ವರ್ಷ ಹಳೆಯದೆಂದು ಬರೆಯುವುದಾದರೆ, ಬೆರೆಸಿದ್ದರಲ್ಲಿ ಎಲ್ಲಕ್ಕಿಂತ ಎಳೆಯದರ ವಯಸ್ಸನ್ನೇ ಬರೆಯಬೇಕು. ಸಣ್ಣ ಭಟ್ಟಿಯ ಮಾಲೆಂದು ಹೇಳಲು ಲೇಬಲ್ಲಿನ ಮೇಲೆ ಹಾಕಿರುವ ‘ಕ್ರಾಫ್ಟ್’ ಎಂಬ ಮಾತಿಗೆ ಮಾತ್ರ, ನನಗೆ ತಿಳಿದಂತೆ, ಅಂಥ ಕಟ್ಟುಪಾಡಿಲ್ಲ.

ಅವ್ವ ಹೋಳಿಗೆ ತಟ್ಟುತ್ತ ಬಲಗಿವಿಯನ್ನು ನನ್ನತ್ತ ತಿರುಗಿಸಿದ್ದಳು.

“ಒಳಗ ಏನೈತೋ ಅದನ್ನ ಬರೀಬೇಕಂತೇನು?”

“ಹೂಂ ಬೇ. ಸುಳ್ಳ ಬರದ್ರ ಜಪ್ತಿ.”

ಅವ್ವ ಗೋಡೆಯ ಫೋಟೊ ಕಡೆ ನೋಡಿದಳು. “ಹಂಗಾದ್ರ ಇದನ್ಯಾರ ಜಪ್ತಿ ಮಾಡಾವ್ರು?”

ಅಣ್ಣ ನಕ್ಕ. ನನಗೆ ನಗು ಬರಲಿಲ್ಲ.

ಮಧ್ಯಾಹ್ನ ಫೋಟೊ ಮುಂದೆ ಬಾಳೆ ಎಲೆ ಹಾಕಿ ಹೋಳಿಗೆ, ಬದನೆಕಾಯಿ ಪಲ್ಯ ಬಡಿಸಿದರು. ಅಣ್ಣ ಬಾಟಲಿ ಇಟ್ಟ, ಗ್ಲಾಸಿಟ್ಟ. ಆಮೇಲೆ ಅಟ್ಟದಿಂದ ಅರಿವೆಯಲ್ಲಿ ಸುತ್ತಿದ್ದೊಂದನ್ನು ತಂದು ಬಿಚ್ಚಿ ಪಕ್ಕದಲ್ಲಿಟ್ಟ. ಅಪ್ಪನ ಲಾಳಿ. ಅವನ ಮಟ್ಟಿಗೆ ಅದು ಅಪ್ಪನ ಹೊಟ್ಟೆಪಾಡಿನ ಸಾಮಾನು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಕೊನೆಯದಾಗಿ ಹೆಂಡತಿಯಾದವಳು ಗ್ಲಾಸಿಗೆ ಹಾಕಿ, ಹೊರಬಂದು ಬಾಗಿಲು ಮುಂದೆ ಮಾಡಬೇಕು. ಹಿರಿಯರು ಬಂದು ಉಂಡು ಹೋಗುವತನಕ ಎಲ್ಲರೂ ಅಂಗಳದಲ್ಲಿ ಕಾಯಬೇಕು.

“ನಾ ಹಾಕೂದಿಲ್ಲ,” ಎಂದಳು ಅವ್ವ. “ಇದ್ದಾಗ ಹಾಕಿದ್ದ ಸಾಕು.”

“ವರ್ಷಕ್ಕೊಮ್ಮಿ ಬರ್ತಾನ, ಯವ್ವಾ. ಇಷ್ಟ ಹಾಕು. ಬಂದಾಂವನ್ನ ಹಂಗ ಕಳಿಸಬಾರ್ದು,” ಎಂದ ಅಣ್ಣ.

ಅವ್ವ ನನ್ನತ್ತ ನೋಡಿದಳು. ಯಾರ್ಯಾರದೋ ಅಂಗಡಿಯಲ್ಲಿ ಗಂಟಲು ಹರಿಯುವಂತೆ ಕೂಗಾಡುವ ನಾನು ನೆಲ ನೋಡಿದೆ. ಹಬ್ಬದ ದಿನ ಜಗಳ ಬೇಡವೆಂದುಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು.

“ಆತು. ನೀವೆಲ್ಲಾ ಹೊರಗ ನಡೀರಿ,” ಎಂದಳು ಅವ್ವ.

ಅಣ್ಣ, ಅವನ ಹೆಂಡತಿ ಅಂದರೆ ನನ್ನ ವೈನಿ, ನಾನು, ಮೂವರೂ ಅಂಗಳಕ್ಕೆ ಬಂದೆವು. ಬಾಗಿಲು ಮುಚ್ಚಿತು, ಆದರೆ ಅವ್ವ ಹೊರಗೆ ಬಂದಿರಲಿಲ್ಲ. ಒಳಗಿನಿಂದ ಚಿಲಕ ಬಿತ್ತು. ಮರುಗಳಿಗೆಗೆ ಬಾಟಲಿ ಒಡೆದ ಸದ್ದು. ಅದರ ಹಿಂದೆಯೇ ಫೋಟೊದ ಗಾಜು.

“ಇದು ಕಿವೀಗಿ!” ಅವ್ವನ ದನಿ. ಧಡ್. “ಇದು ಮೊಣಕೈಗಿ!” ಧಡ್. ಮರ ಗೋಡೆಗೆ ಬಡಿಯುತ್ತಿತ್ತು, ಗಾರೆ ಉದುರುವುದು ಕೇಳಿಸುತ್ತಿತ್ತು.

ಅಣ್ಣ ಬಾಗಿಲಿಗೆ ಹೆಗಲು ಕೊಟ್ಟು ಗುದ್ದಿದ. ನಾನು ಅಡ್ಡ ನಿಂತೆ. ನನ್ನ ತೋಳು ಹಿಡಿದು ಎಳೆದ, ನಾನು ಜಗ್ಗಲಿಲ್ಲ. ಕೈ ಎತ್ತಿದ. ಅದೇ ಅಗಲ ಅಂಗೈ, ಅದೇ ದಪ್ಪ ಹೆಬ್ಬೆರಳು.

“ಹೊಡಿ,” ಎಂದೆ. “ನಾನೂ ಅವನ ಮಗಳ. ನನಗೂ ಅದ ಕೈ ಐತಿ.”

ಒಳಗೆ ಅವ್ವ ಕಿರುಚಿದಳು. “ಇದು ಹೊಟ್ಟ್ಯಾಗಿನ ಕೂಸಿಗಿ! ಇದೂ ಕೂಸಿಗಿ! ಇದೂ!”

ಅಣ್ಣನ ಕೈ ಅಲ್ಲೇ ನಿಂತಿತು, ಆಮೇಲೆ ತಾನಾಗಿ ಇಳಿಯಿತು. ನಮ್ಮಿಬ್ಬರಲ್ಲದೆ ಇನ್ನೊಂದು ಕೂಸು ಇತ್ತೆಂದು, ಅದು ಹೊಟ್ಟೆಯಲ್ಲೇ ಹೋಯಿತೆಂದು ನಮಗೆ ಯಾರೂ ಹೇಳಿರಲಿಲ್ಲ. ವೈನಿ ತುಳಸಿಕಟ್ಟೆ ಹಿಡಿದು ಕುಸಿದು ಕೂತಳು.

ಚಿಲಕ ತೆಗೆದು ಅವ್ವ ಹೊರಗೆ ಬಂದಾಗ ವಿಸ್ಕಿಯ ವಾಸನೆ ಅಂಗಳಕ್ಕೆಲ್ಲ ಹರಡಿತು. ಅಂಗೈಯಲ್ಲಿ ಗಾಜು ನೆಟ್ಟು ರಕ್ತ ತೊಟ್ಟಿಕ್ಕುತ್ತಿತ್ತು. ಲಾಳಿಯನ್ನು ಇನ್ನೂ ಬಿಟ್ಟಿರಲಿಲ್ಲ.

“ಬಂದಿದ್ದ,” ಎಂದಳು. “ಕೊಡೂದು ಕೊಟ್ಟ ಕಳಿಸೇನಿ.”

ದವಾಖಾನೆಯಲ್ಲಿ ಹೊಲಿಗೆ ಹಾಕುತ್ತ ಹರೆಯದ ಡಾಕ್ಟರು “ಜಾರಿ ಬಿದ್ರೇನಮ್ಮಾ?” ಎಂದು ಕೇಳಿದರು. ಅವರು ನಿಂತಿದ್ದು ಅವ್ವನ ಎಡಕ್ಕೆ, ಅವಳಿಗೆ ಕೇಳಿಸಲಿಲ್ಲ. ಸುಮ್ಮನಿದ್ದದ್ದನ್ನೇ ಹೌದೆಂದು ತಿಳಿದು, ಹೊಲಿಗೆ ಮುಗಿಸಿ ಚೀಟಿಯಲ್ಲಿ ಬರೆದರು. ಬರೆದದ್ದನ್ನು ಓದುವುದು ನನ್ನ ಕಸುಬು, ಓದಿದೆ. ಬಿದ್ದು ಆದ ಗಾಯ ಎಂದಿತ್ತು.

“ಇದನ್ನ ತಿದ್ದ್ರಿ, ಡಾಕ್ಟರ,” ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

“ಮತ್ತೇನಂತ ಬರೀಲ್ರಿ?”

ಅವ್ವನ ಬಲಗಿವಿಗೆ ಬಾಗಿ ಅದನ್ನೇ ಕೇಳಿದೆ. ಅವಳು ಹೊಲಿಗೆ ಬಿದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

“ಹೊಡದೇನಿ ಅಂತ ಬರೀರಿ,” ಎಂದಳು. “ಬಿದ್ದಿದ್ದು ಅವತ್ತೂ ಇಲ್ಲ, ಇವತ್ತೂ ಇಲ್ಲ.”

ಡಾಕ್ಟರು ಗೀಟು ಎಳೆದು ಬೇರೆ ಬರೆಯುವತನಕ ಅವಳ ಕಣ್ಣು ನನ್ನ ಮೇಲೇ ಇತ್ತು.