ಧ್ಯಾನದ ಮನೆಯ ಕಿರುಗುಡುವ ಹಲಗೆ

ಮನೆಮಂದಿಗೆಲ್ಲ ಅವಳು ಬಣ್ಣದ ಚಿಕ್ಕಮ್ಮ. ಉಗುರಿನ ಸಂದಿಯಲ್ಲಿ, ಬಟ್ಟೆಯ ಅಂಚಿನಲ್ಲಿ, ಒಮ್ಮೊಮ್ಮೆ ಕಿವಿಯ ಹಿಂದೆಯೂ ಬಣ್ಣ ಮೆತ್ತಿಕೊಂಡೇ ಇರುತ್ತಿತ್ತು. ಆಸ್ಪತ್ರೆಯೊಂದರಲ್ಲಿ ಆರ್ಟ್ ಥೆರಪಿಸ್ಟ್ ಆಗಿದ್ದಳು. ಕಾಯಿಲೆಯಿಂದ ಕಂಗೆಟ್ಟವರ ಕೈಗೆ ಕುಂಚವನ್ನೋ ಜೇಡಿಮಣ್ಣನ್ನೋ ಕೊಟ್ಟು, ಬಾಯಲ್ಲಿ ಹೇಳಲಾಗದ್ದನ್ನು ಕೈಯಿಂದ ಹೊರಗೆ ತರಿಸುವ ಕೆಲಸ. ನೆಂಟರಿಗೆ ಇದನ್ನು ವಿವರಿಸಿ ಮುಗಿಸುವಷ್ಟರಲ್ಲಿ ಅವರ ಚಹಾ ತಣ್ಣಗಾಗುತ್ತಿತ್ತು. ಅವಳ ಅಕ್ಕನಂತೂ ಕೊನೆತನಕ ಒಪ್ಪಲೇ ಇಲ್ಲ.

"ಬಣ್ಣ ಬಳಿದ್ರೆ ಕಾಯಿಲೆ ವಾಸಿ ಆಗೋ ಹಾಗಿದ್ರೆ, ಗೋಡೆಗೆ ಸುಣ್ಣ ಹೊಡೆಯೋರೆಲ್ಲ ಡಾಕ್ಟರ್ ಆಗಿಬಿಡ್ತಿದ್ರು ಕಣೇ," ಅನ್ನುವಳು.

ತಾಯಿ ಬೇಗ ತೀರಿಕೊಂಡಿದ್ದರಿಂದ ಚಿಕ್ಕಮ್ಮನಿಗೆ ಜಡೆ ಹೆಣೆದದ್ದು, ಬೆನ್ನಿಗೆ ಗುದ್ದಿದ್ದು, ಗುದ್ದಿದ ಜಾಗವನ್ನು ಸವರಿದ್ದು ಎಲ್ಲ ಈ ಅಕ್ಕನೇ. ಚಿಕ್ಕಮ್ಮ ಮದುವೆಯ ಗೋಜಿಗೆ ಹೋಗಲಿಲ್ಲ. ಗಂಡ ತೀರಿಹೋದ ಮೇಲೆ ಅಕ್ಕ ಮಗಳನ್ನು ಕಟ್ಟಿಕೊಂಡು ತಂಗಿಯ ಮನೆಗೇ ಬಂದಳು. ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಜಗಳವಾಡುತ್ತ, ನಗುತ್ತ ವಯಸ್ಸಾದರು.

ಚಿಕ್ಕಮ್ಮನಿಗೆ ಐವತ್ತು ದಾಟಿದ ಮೇಲೆ ಒಂದು ಕರೆ ಬಂತು. ದೂರದ ದೇಶದಲ್ಲಿ, ಲಕ್ವ ಹೊಡೆದವರ ಆರೈಕೆ ಕೇಂದ್ರವೊಂದಕ್ಕೆ ಒಂದು ವರ್ಷ ಸ್ವಯಂಸೇವೆ ಮಾಡುವವರು ಬೇಕಾಗಿದ್ದರು.

"ಇಲ್ಲಿ ಸಂಬಳಕ್ಕೆ ದುಡಿದಿದ್ದು ಸಾಲ್ದು ಅಂತ ಅಲ್ಲಿ ಬಿಟ್ಟಿ ದುಡಿಯೋಕೆ ಹೊರಟ್ಯಾ?" ಎಂದು ಅಕ್ಕ ರೇಗಿದಳು. ರೇಗುತ್ತಲೇ ಪೆಟ್ಟಿಗೆಗೆ ಇನ್ನೆರಡು ಸ್ವೆಟರ್ ತುರುಕಿದಳು.

ಅಲ್ಲಿ ಹೋದ ಮೇಲೂ ದಿನಾ ಸಂಜೆ ಅಕ್ಕನಿಗೆ ಫೋನ್ ಮಾಡದಿದ್ದರೆ ಚಿಕ್ಕಮ್ಮನಿಗೆ ಉಂಡ ಊಟ ಮೈಗೆ ಹತ್ತುತ್ತಿರಲಿಲ್ಲ. ಅಡುಗೆಯವನು ಸೂಪಿಗೆ ಉಪ್ಪು ಮರೆತದ್ದು, ಒಗೆದ ಕಾಲ್ಚೀಲ ಕಿಟಕಿಯಲ್ಲಿ ಹೆಪ್ಪುಗಟ್ಟಿ ಸೌದೆಯಂತಾದದ್ದು, ಎಲ್ಲದರ ವರದಿ ಒಪ್ಪಿಸಬೇಕು. ಅಕ್ಕ ಅದಕ್ಕೊಂದು ಒಗ್ಗರಣೆ ಹಾಕಿ ನಗಿಸಬೇಕು.

ಚಳಿಗಾಲದ ಒಂದು ಬೆಳಗ್ಗೆ ಅಕ್ಕ ಏಳಲಿಲ್ಲ. ಮಲಗಿದ್ದಲ್ಲೇ ಹೋಗಿದ್ದಳು. ಚಿಕ್ಕಮ್ಮ ಇದ್ದ ಕಡೆ ಹಿಮ ಸುರಿದು ವಿಮಾನಗಳೆಲ್ಲ ನಿಂತಿದ್ದವು. "ಎಲ್ಲಾ ಮುಗೀತು ಚಿಕ್ಕಮ್ಮ, ಕಾಯೋಕಾಗಲಿಲ್ಲ," ಎಂದಳು ಅಕ್ಕನ ಮಗಳು ಫೋನಿನಲ್ಲಿ. "ಈಗ ಓಡಿ ಬಂದು ಏನ್ ನೋಡ್ತೀಯ? ಒಪ್ಪಿಕೊಂಡಿದ್ದು ಮುಗಿಸಿಯೇ ಬಾ. ಅಮ್ಮ ಇದ್ದಿದ್ರೂ ಅದನ್ನೇ ಹೇಳ್ತಿದ್ಲು."

ಮರುದಿನ ಚಿಕ್ಕಮ್ಮ ಎಂದಿನಂತೆ ಚಿತ್ರದ ಕೋಣೆಗೆ ಹೋಗಿ ಬಣ್ಣ ಕಲಸಿದಳು. ಕಣ್ಣು ಒದ್ದೆಯಾಗಲಿಲ್ಲ. ಆ ವಾರವೂ ಇಲ್ಲ, ಆ ತಿಂಗಳೂ ಇಲ್ಲ. ಅಲ್ಲಿನ ದೊಡ್ಡ ನರ್ಸ್ ಒಬ್ಬಳಿಗೆ ಮಾತ್ರ ವಿಷಯ ಗೊತ್ತಿತ್ತು. ಆಕೆ ಸದ್ದಿಲ್ಲದೆ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿಕೊಡುತ್ತಿದ್ದಳು. ಇಬ್ಬರ ನಡುವೆ ಇದ್ದದ್ದು ಹರಕು ಮುರುಕು ಇಂಗ್ಲಿಷ್. ಅಲ್ಲಿನವರ ಭಾಷೆಯಲ್ಲಿ ಚಿಕ್ಕಮ್ಮನಿಗೆ ನೀರು, ಬ್ರೆಡ್ಡು, ನಮಸ್ಕಾರ ಬಿಟ್ಟರೆ ಏನೂ ಬರುತ್ತಿರಲಿಲ್ಲ.

ಆ ಕೇಂದ್ರದಲ್ಲಿ ಒಬ್ಬ ಬಡಗಿ ಅಜ್ಜ ಇದ್ದ. ಲಕ್ವ ಅವನ ಬಲಗೈಯನ್ನೂ ಮಾತನ್ನೂ ಒಟ್ಟಿಗೆ ಕಸಿದುಕೊಂಡಿತ್ತು. ಚಿಕ್ಕಮ್ಮ ದಿನಾ ಅವನ ಎಡಗೈಗೆ ಕುಂಚ ಕೊಡುವಳು. ಅಜ್ಜ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮೊಟ್ಟೆ ಇಡುವಷ್ಟು ಹಗುರವಾಗಿ ಮೇಜಿನ ಮೇಲಿಟ್ಟು ಕಿಟಕಿಯ ಕಡೆ ತಿರುಗಿ ಕೂರುವನು. ಜಪ್ಪಯ್ಯ ಅಂದರೂ ಒಂದು ಗೆರೆ ಎಳೆಯಲಿಲ್ಲ.

ಹಿಮ ಕರಗಿದ ಮೇಲೆ ಒಂದು ರಜೆಯ ದಿನ, ನಡೆದಾಡಬಲ್ಲ ನಾಲ್ಕಾರು ಮಂದಿಯನ್ನು ದೊಡ್ಡ ನರ್ಸ್ ಗುಡ್ಡದ ಮೇಲಿನ ಧ್ಯಾನದ ಮನೆಗೆ ವ್ಯಾನಿನಲ್ಲಿ ಕರೆದೊಯ್ದಳು. ಬಡಗಿ ಅಜ್ಜನೂ ಹೊರಟ. "ನೀವೂ ಬನ್ನಿ, ಸುಮ್ಮನೆ ಕೂತ್ಕೊಂಡ್ರೆ ಸಾಕು," ಎಂದಳು ಚಿಕ್ಕಮ್ಮನಿಗೆ. ಸುಮ್ಮನೆ ಕೂರುವುದೇ ತನ್ನ ಜಾಯಮಾನಕ್ಕೆ ಒಗ್ಗದ ವಿಷಯ ಎಂದು ಹರಕು ಇಂಗ್ಲಿಷಿನಲ್ಲಿ ಹೇಳಲು ಚಿಕ್ಕಮ್ಮನಿಗೆ ಬರಲಿಲ್ಲ. ಹೋದಳು.

ಹಳೆಯ ಕಣಜವೊಂದನ್ನು ರಿಪೇರಿ ಮಾಡಿ ಕಟ್ಟಿದ ಜಾಗ. ಬಾಗಿಲಲ್ಲಿ ಚಪ್ಪಲಿ, ಬೂಟು ಬಿಡಲು ಗೂಡುಗಳು. ಒಳಗೆ ದೇವರಿಲ್ಲ, ಪಟವಿಲ್ಲ. ಸುಣ್ಣದ ಗೋಡೆ, ಮರದ ನೆಲ, ಮಾಡಿನ ಗಾಜಿನಿಂದ ಇಳಿದ ಬೆಳಕು. ಕೂರಲು ದಿಂಬುಗಳು, ಮಂಡಿ ನೋಯುವವರಿಗೆ ಕುರ್ಚಿಗಳು. ಜಾಗ ನೋಡಿಕೊಳ್ಳುವ ಕನ್ನಡಕದ ಮುದುಕಿ ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಕೂರಿಸಿದಳು.

ಚಿಕ್ಕಮ್ಮ ಕಣ್ಣು ಮುಚ್ಚಿದಳು. ಮನಸ್ಸು ಕೊಂಬೆಯಿಂದ ಕೊಂಬೆಗೆ ಹಾರುತ್ತಿತ್ತು. ಅಷ್ಟರಲ್ಲಿ ನೆಲ 'ಕಿರ್ರ್' ಎಂದಿತು. ಯಾರೋ ತಡವಾಗಿ ಬಂದವರು ಬಾಗಿಲ ಹತ್ತಿರದ ಹಲಗೆಯನ್ನು ತುಳಿದಿದ್ದರು. ಪಕ್ಕದ ಕುರ್ಚಿಯಲ್ಲಿದ್ದ ಬಡಗಿ ಅಜ್ಜ ಹಲ್ಲುನೋವು ಬಂದವನಂತೆ ಮುಖ ಕಿವುಚಿದ. ಇನ್ನೊಬ್ಬರು ಬಂದರು. ಮತ್ತೆ 'ಕಿರ್ರ್'. ಅಜ್ಜ ಲೊಚಗುಟ್ಟಿದ. ಕೊನೆಗೆ ಒಬ್ಬ ಭಾರೀ ಗಾತ್ರದ ಯಜಮಾನ ಬಂದ. ಸದ್ದಾಗಬಾರದೆಂದು ತುದಿಗಾಲಲ್ಲಿ, ಎರಡೂ ಕೈ ರೆಕ್ಕೆಯಂತೆ ಅಗಲಿಸಿ, ಉಸಿರು ಬಿಗಿಹಿಡಿದು ಹೆಜ್ಜೆ ಇಟ್ಟ. ಇಟ್ಟದ್ದು ಸರಿಯಾಗಿ ಆ ಹಲಗೆಯ ಮೇಲೆಯೇ! ಹಲಗೆ ಹಂದಿ ಕಿರುಚಿದಂತೆ ಕಿರುಚಿತು. ಯಜಮಾನ ಗಾಬರಿಯಿಂದ ಹಿಂದೆ ಸರಿದ. ಅದು ಮತ್ತೆ ಕಿರುಚಿತು.

ಚಿಕ್ಕಮ್ಮನಿಗೆ ನಗು ಉಕ್ಕಿಬಂತು. ತುಟಿ ಕಚ್ಚಿದಳು, ತೊಡೆ ಚಿವುಟಿಕೊಂಡಳು. ಈ ಕಥೆಯನ್ನು ಇವತ್ತು ಸಂಜೆ ಅಕ್ಕನಿಗೆ ಹೇಳಬೇಕು, ಕೇಳಿದರೆ ಬಿದ್ದು ಬಿದ್ದು ನಗುತ್ತಾಳೆ ಅಂದುಕೊಂಡಳು.

ಮರುಗಳಿಗೆಯಲ್ಲೇ ನೆನಪಾಯಿತು. ಹೇಳಲು ಅಕ್ಕ ಇರಲಿಲ್ಲ.

ತಡೆಹಿಡಿದ ನಗು ಬಾಯಿಯಿಂದ ಹೊರಬೀಳುವಾಗ ಅಳುವಾಗಿತ್ತು. ಬರೀ ಬಿಕ್ಕುವುದಲ್ಲ, ಗಟ್ಟಿ ಅಳು. ಕನ್ನಡಕದ ಮುದುಕಿ ಬಂದು ತೋಳು ಹಿಡಿದು ಮೆಲ್ಲನೆ ಹೊರಗಿನ ಜಗಲಿಗೆ ಕರೆದೊಯ್ದಳು, ಗದರಲಿಲ್ಲ. ಜಗಲಿಯಲ್ಲಿ ಬಿಸಿಲಿತ್ತು. ಚಿಕ್ಕಮ್ಮ ಬೆಂಚಿನ ಮೇಲೆ ಕೂತು ಇಷ್ಟು ದಿನದ್ದನ್ನೆಲ್ಲ ಅತ್ತಳು.

ಊರುಗೋಲಿನ ಸದ್ದಾಯಿತು. ಬಡಗಿ ಅಜ್ಜ ಬಂದು ಪಕ್ಕದಲ್ಲಿ ಕೂತ. ಅವನ ಗಂಟಲು ಅಲುಗಿತು, ತುಟಿ ಒದ್ದಾಡಿತು. ಒಂದು ಮಾತು ಹೊರಬಂತು. ಮತ್ತೆ ಅದೇ ಮಾತು, ಇನ್ನೂ ಸ್ಪಷ್ಟವಾಗಿ. ಸಮಾಧಾನ ಮಾಡಿಕೋ ಮಗಳೇ ಅನ್ನುತ್ತಿರಬೇಕು ಎಂದುಕೊಂಡು ಚಿಕ್ಕಮ್ಮ ಅವನ ಕೈ ಹಿಡಿದು ಇನ್ನಷ್ಟು ಅತ್ತಳು. ಅಜ್ಜ ಕೈ ಕೊಸರಿಕೊಂಡು ಬಾಗಿಲ ಕಡೆ ತೋರಿಸಿ ಅದನ್ನೇ ಹೇಳಿದ. ಹಿಂದೆಯೇ ಬಂದ ದೊಡ್ಡ ನರ್ಸ್ ಇದ್ದಲ್ಲೇ ನಿಂತುಬಿಟ್ಟಳು.

"ಅಜ್ಜ ಮಾತಾಡಿದ್ರು!"

"ಏನಂತಿದ್ದಾರೆ?"

"ಮೊಳೆ," ಎಂದಳು ನರ್ಸ್, ಅಳುತ್ತಲೋ ನಗುತ್ತಲೋ. "ಮೊಳೆ, ಮೊಳೆ ಅಂತಿದ್ದಾರೆ. ಆ ಹಲಗೆಯ ಮೊಳೆ ಸಡಿಲ ಆಗಿದೆ ಅಂತಿರ್ಬೇಕು!"

ಧ್ಯಾನ ಮುಗಿದು ಜನ ಹೊರಟ ಮೇಲೆ ಕನ್ನಡಕದ ಮುದುಕಿ ಸುತ್ತಿಗೆ, ಮೊಳೆ ತಂದುಕೊಟ್ಟಳು. ಚಿಕ್ಕಮ್ಮ ನೆಲದ ಮೇಲೆ ಬಗ್ಗಿ ಮೊಳೆ ಹಿಡಿದಳು. ಅಜ್ಜ ಕುರ್ಚಿಯ ಅಂಚಿಗೆ ಜರುಗಿ ಎಡಗೈಯಲ್ಲಿ ಸುತ್ತಿಗೆ ಎತ್ತಿದ. ಮೊದಲ ಏಟು ಮೊಳೆಗೆ, ಎರಡನೆಯದು ಚಿಕ್ಕಮ್ಮನ ಹೆಬ್ಬೆರಳಿಗೆ. "ಅಯ್ಯಪ್ಪಾ!" ಎಂದು ಅವಳು ಕೂಗಿದ್ದು ಕಣಜವೆಲ್ಲ ಮೊಳಗಿತು. ಅಜ್ಜ ಗಾಬರಿಯಾಗಿ ಅವಳ ಮುಖ ನೋಡಿದ. ಅವಳು ನಕ್ಕಮೇಲೆ ತಾನೂ ನಕ್ಕ. ಹಲಗೆಯನ್ನು ತುಳಿದು ನೋಡಿದರು. ಕಿರುಗುಡುವುದೇನೋ ನಿಲ್ಲಲಿಲ್ಲ, ಸ್ವಲ್ಪ ತಗ್ಗಿತ್ತು ಅಷ್ಟೇ.

ಅಂದಿನಿಂದ ಚಿತ್ರದ ಕೋಣೆಯ ಒಂದು ಮೂಲೆ ಅಜ್ಜನದಾಯಿತು. ಚಿಕ್ಕಮ್ಮ ಮರದ ತುಂಡು, ಅದನ್ನು ನುಣುಪು ಮಾಡುವ ಉಪ್ಪುಕಾಗದ, ಅಂಟು ತಂದಿಟ್ಟಳು. ಅಜ್ಜ ಎಡಗೈಯಲ್ಲೇ ಉಜ್ಜುವನು, ಅಂಟಿಸುವನು. ಏನು ಮಾಡುತ್ತಿದ್ದಾನೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಮಾತು ಒಂದೊಂದಾಗಿ ಬಂತು: ಗರಗಸ, ಬಾಗಿಲು, ಹೆಂಡತಿಯ ಹೆಸರು. ಕುಂಚವನ್ನು ಮಾತ್ರ ಕೊನೆತನಕ ಮುಟ್ಟಲಿಲ್ಲ. ಚಿಕ್ಕಮ್ಮನೂ ಕೊಡುವುದನ್ನು ಬಿಟ್ಟಳು.

ಇದೆಲ್ಲ ಆಗಿ ಎಷ್ಟೋ ವರ್ಷವಾಯಿತು. ಈಗ ಚಿಕ್ಕಮ್ಮ ಆಸ್ಪತ್ರೆಯಿಂದ ನಿವೃತ್ತಳು. ಅಕ್ಕನ ಮಗಳ ಮಕ್ಕಳಿಗೆ ಮನೆಯಲ್ಲೇ ಚಿತ್ರ ಹೇಳಿಕೊಡುತ್ತಾಳೆ. ಮಧ್ಯಾಹ್ನ ಮಕ್ಕಳು ಹೋದ ಮೇಲೆ ಕುಂಚ ತೊಳೆಯುವಾಗ ಆ ವರ್ಷ ನೆನಪಾಗುತ್ತದೆ: ಸೂಪಿನ ಹಬೆ, ವ್ಯಾನಿನ ಗಾಜಿನ ಮಂಜು, ಬಿಸಿಲು ಬಿದ್ದ ಆ ಜಗಲಿ. ಬದುಕಿನ ಅತಿ ದುಃಖದ ವರ್ಷವನ್ನೇ ಮನಸ್ಸು ಹೀಗೆ ಹಂಬಲಿಸುವುದು ಅವಳಿಗೇ ಸೋಜಿಗ.

ದೊಡ್ಡ ನರ್ಸ್ ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಾಳೆ. ಅಜ್ಜ ಕೇಂದ್ರ ಬಿಟ್ಟು ಮಗಳ ಮನೆಗೆ ಹೋಗಿ, ಅಲ್ಲಿ ಕೆಲವು ವರ್ಷ ಬಾಳಿ, ನೆಮ್ಮದಿಯಿಂದ ಹೋದ ಸುದ್ದಿ ಹೇಳಿದವಳೂ ಅವಳೇ.

"ಕೊನೆಕೊನೆಗೆ ಅವರ ಬಾಯಿ ಮುಚ್ಚಿಸೋದೇ ಕಷ್ಟ ಆಗಿತ್ತಂತೆ," ಎಂದಳು ನರ್ಸ್. "ಮನೇಲಿರೋ ಬಾಗಿಲು, ಕಿಟಕಿ ಎಲ್ಲದಕ್ಕೂ ಬೈತಿದ್ರಂತೆ."

"ಬೈದ್ರೆ ಬೈದ್ರು ಬಿಡಿ," ಎಂದಳು ಚಿಕ್ಕಮ್ಮ. ಆಮೇಲೆ ಆ ಹಲಗೆಯ ಕಥೆ ನೆನೆದು ನಗುತ್ತ ಇಬ್ಬರೂ ಬಹಳ ಹೊತ್ತು ಫೋನ್ ಇಡಲಿಲ್ಲ.