ಕಂಪ್ಯೂಟರಿಗೂ ‘ರಿ’ ಎನ್ನುತ್ತಿದ್ದ ಪ್ರಭಾ ಅಕ್ಕ

ಪ್ರಭಾ ಅಕ್ಕ ಕಂಪ್ಯೂಟರನ್ನೂ ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಅದು ತಡಮಾಡಿದರೆ, “ಏಳ್ರಿ ಸಾಹೇಬ್ರ, ನಾ ಚಾ ಕುಡದು ಬರ್ಲೇನು?” ಎಂದು ಅದರ ನೆತ್ತಿ ತಟ್ಟುವರು. ನನಗೆ ಮಾತ್ರ ಏಕವಚನ.

ಕಮಠಾಣದ ಬೌದ್ಧ ಮನೆತನದವರು. ಹೆಗಲ ಚೀಲದಲ್ಲಿ ಒಂದು ನೋಟ್‌ಬುಕ್ಕು, ರೊಟ್ಟಿಗೆ ಹಚ್ಚಿಕೊಳ್ಳಲು ಒಂದು ಡಬ್ಬಿ ಶೇಂಗಾ ಹಿಂಡಿ. ಬೀದರಿನಿಂದ ಬಸ್ಸು ಹಿಡಿದು ಒಂದು ದಿನ ಭಾಲ್ಕಿಗೆ ಹೋದರೆ ಮರುದಿನ ಔರಾದಿಗೆ ಬರುತ್ತಿದ್ದರು. ನೀರಿನ ಟ್ಯಾಂಕರ್ ಕಳಿಸುವ ಕಚೇರಿಗಳಲ್ಲಿ ಕಂಪ್ಯೂಟರ್ ಮುನಿಸಿಕೊಂಡರೆ ಸಮಾಧಾನ ಮಾಡುವುದು ಅವರ ಕೆಲಸ.

ಬರಗಾಲದ ವರ್ಷಗಳವು. ಕೈಕಾಲು ಗಟ್ಟಿ ಇದ್ದವರೆಲ್ಲ ಹೈದರಾಬಾದಿಗೋ ಪುಣೆಗೋ ದುಡಿಯಲು ಹೋಗಿದ್ದರು. ಊರಲ್ಲಿ ಉಳಿದ ಮುದುಕರಿಗೂ ಬಾಣಂತಿಯರಿಗೂ ಟ್ಯಾಂಕರೇ ಬಾವಿ. ಯಾವ ಊರಿಗೆ ಯಾವ ಟ್ಯಾಂಕರ್ ಎಂಬ ಪಟ್ಟಿಯನ್ನು ಔರಾದಿನಲ್ಲಿ ನಾನು ತಯಾರಿಸುತ್ತಿದ್ದೆ. ಮೌಸಿಲ್ಲ, ಚಿತ್ರವಿಲ್ಲ, ಕಪ್ಪು ಪರದೆಯ ಮೇಲೆ ಎಲ್ಲವನ್ನೂ ಟೈಪು ಮಾಡಬೇಕು. ಅದು ಇಂಗ್ಲಿಷಿನಲ್ಲಿ ಏನೋ ಕೇಳುವುದು, ನಾನು ಹೂಂ ಎಂಬ ಗುಂಡಿ ಒತ್ತುವುದು. ನಮ್ಮದು ಕುರಿ ಸಾಕುವ ಮನೆ. “ಸರಕಾರದ ಮಂದಿ ಏನರೆ ಕೇಳಿದ್ರ ಹೂಂರಿ ಅನ್ನು” ಎಂದು ಅಪ್ಪ ಕಲಿಸಿದ್ದ. ಕಂಪ್ಯೂಟರೂ ಸರಕಾರದ್ದೇ ಅಲ್ಲವೇ?

ಹೀಗೆ ಹೂಂ ಅನ್ನುತ್ತಲೇ ಒಂದು ಬೆಳಿಗ್ಗೆ ಇಡೀ ಪಟ್ಟಿಯನ್ನು ಅಳಿಸಿಬಿಟ್ಟೆ. ಹೊರಗೆ ಟ್ಯಾಂಕರುಗಳು ಸಾಲಾಗಿ ನಿಂತಿದ್ದವು. ಪುಣ್ಯಕ್ಕೆ ಅಂದು ಅಕ್ಕನ ಔರಾದಿನ ಪಾಳಿ. ಅವರು ಬೈಯಲಿಲ್ಲ. ಡ್ರೈವರುಗಳನ್ನು ಬೇವಿನ ಗಿಡದ ಕೆಳಗೆ ಕೂರಿಸಿ, ಅವರ ನೆನಪಿನಲ್ಲಿದ್ದ ಊರುಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕರುಗಳು ಹೊರಟವು. ಒಂದು ಲಂಬಾಣಿ ತಾಂಡಾ ಮಾತ್ರ ಯಾರಿಗೂ ನೆನಪಾಗದೆ ಅಂದು ನೀರಿಲ್ಲದೆ ಉಳಿಯಿತು. ಅದನ್ನು ನೆನೆದರೆ ನನಗೆ ಇವತ್ತಿಗೂ ನಾಚಿಕೆ.

“ಅದು ಏನ್ ಕೇಳ್ತು ನಿನಗ?” ಎಂದರು ಅಕ್ಕ.

“ಗೊತ್ತಿಲ್ರಿ ಅಕ್ಕ. ಹೂಂ ಅಂದೆ.”

ಅವರಿಗೆ ನಗು ತಡೆಯಲಾಗಲಿಲ್ಲ. “ತಪ್ಪು ಈ ಸಾಹೇಬ್ರದು ತಮ್ಮಾ. ಔರಾದಿಗಿ ಬಂದು ಇಂಗ್ಲಿಷ್ ಮಾತಾಡಿದ್ರ ಹ್ಯಾಂಗ?”

ಅದರ ಭಾಷೆ ಬದಲಿಸಲು ಒಂದು ಸಾಲು ತಿದ್ದಿದರೆ ಸಾಕಂತೆ. ಆದರೆ ಅದು ಆಡಬೇಕಾದ ಕನ್ನಡವನ್ನು ಯಾರಾದರೂ ಬರೆದುಕೊಡಬೇಕು. ಅಕ್ಕ ಬಸ್ಸಿನಲ್ಲೇ ಬರೆಯತೊಡಗಿದರು. ವಾರದೊಳಗೆ ಪರದೆ ನನ್ನನ್ನು, “ದಾಖಲೆಗಳನ್ನು ಅಳಿಸಲು ತಾವು ಇಚ್ಛಿಸುವಿರಾ?” ಎಂದು ಕೇಳಿತು. ಇಷ್ಟು ಮರ್ಯಾದೆಯಿಂದ ಕೇಳುವಾಗ ಒಲ್ಲೆ ಎನ್ನಲು ಮನಸ್ಸಾಗದೆ ಮತ್ತೆ ಹೂಂ ಒತ್ತಿದೆ! ಅದು ಪರೀಕ್ಷೆಗೆಂದು ಇಟ್ಟ ಸುಳ್ಳು ಪಟ್ಟಿಯಾದ್ದರಿಂದ ಬಚಾವಾದೆ.

ಅಕ್ಕ ಹಣೆ ಚಚ್ಚಿಕೊಂಡು ಹೊಸದಾಗಿ ಶುರು ಮಾಡಿದರು. ಈ ಸಲ ಒಂದೊಂದು ಮಾತನ್ನೂ ಡ್ರೈವರುಗಳಿಗೆ ಓದಿ ಹೇಳುವರು. ಒಬ್ಬನ ಹುಬ್ಬು ಗಂಟಾದರೂ ಆ ಮಾತಿಗೆ ಕಾಟು ಹೊಡೆಯುವರು. ಕೊನೆಗೆ ಪರದೆ ನಮ್ಮಂತೆಯೇ ಕೇಳಿತು: “ಹೋದದ್ದು ತಿರುಗಿ ಬರಂಗಿಲ್ರಿ. ಜರಾ ವಿಚಾರ ಮಾಡ್ರಿ. ಅಳಸ್ಲೇನು?” ನನ್ನ ಬೆರಳು ಗಕ್ಕನೆ ನಿಂತಿತು. ಆಮೇಲೆ ಒಂದು ಪಟ್ಟಿಯೂ ನನ್ನ ಕೈಯಿಂದ ಹಾಳಾಗಲಿಲ್ಲ. ಭಾಲ್ಕಿಯವರೂ, ಆಮೇಲೆ ಬೀದರಿನವರೂ ಅದನ್ನೇ ಹಾಕಿಸಿಕೊಂಡರು.

ಮಳೆಗಳು ಬಂದವು. ನನಗೆ ಬೀದರಿಗೆ ವರ್ಗವಾಯಿತು, ಅಕ್ಕನ ಪಕ್ಕದ ಕುರ್ಚಿಗೇ. ಹಲವು ವರ್ಷ ಅವರ ಶೇಂಗಾ ಹಿಂಡಿ ತಿಂದೆ, ಬೈಗುಳವನ್ನೂ ತಿಂದೆ. ಹೋದ ಬೇಸಿಗೆಯಲ್ಲಿ ಅಕ್ಕ ಎರಡೇ ದಿನ ಮಲಗಿ ತೀರಿಕೊಂಡರು. ಕಮಠಾಣಕ್ಕೆ ಹೋಗಿ ಮಣ್ಣು ಕೊಟ್ಟು ಬಂದೆ.

ತಿಂಗಳ ಮೇಲೆ ಕಚೇರಿಯ ಸಾಹೇಬರು, ಕಂಪ್ಯೂಟರಿನ ಸಿಬ್ಬಂದಿ ಪಟ್ಟಿಯಿಂದ ಪ್ರಭಾವತಿಯವರ ಹೆಸರು ತೆಗೆದುಬಿಡಿ ಎಂದರು. ಹೂಂರಿ ಎಂದು ಕೂತೆ. ಹೆಸರು ಟೈಪು ಮಾಡಿದೆ. ಅದೇ ಹಳೆಯ ಕಪ್ಪು ಪರದೆಯ ಮೇಲೆ ಅಕ್ಕನೇ ಕೇಳಿದರು: “ಹೋದದ್ದು ತಿರುಗಿ ಬರಂಗಿಲ್ರಿ. ಜರಾ ವಿಚಾರ ಮಾಡ್ರಿ. ಅಳಸ್ಲೇನು?”

ಬ್ಯಾಡ ಎಂದು ಒತ್ತಿದೆ.

“ಆಯ್ತಾ?” ಎಂದು ಒಳಗಿನಿಂದ ಸಾಹೇಬರು ಕೂಗಿದರು.

“ಇಲ್ರಿ ಸಾಹೇಬ್ರ,” ಎಂದೆ. “ಅಕ್ಕನ ಹೆಸರ ನಾ ಅಳಸಂಗಿಲ್ರಿ.”